ಕಸ್ಟಮ್ ಅಂತ ದುಡ್ಡು ತಗೊಂಡು ರೆಡಿಮೇಡ್ ಕೊಡ್ತಾರೆ, ಹುಷಾರು!

ಬಿಲ್ಲಿಂಗ್, ಸ್ಟಾಕಿಗೆ ಸಾಫ್ಟ್‌ವೇರ್ ಮಾಡಿಸೋಕೆ ಹೊರಟವರು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ‘ನಿಮಗೋಸ್ಕರವೇ ಸೊನ್ನೆಯಿಂದ ಬರೆದಿದ್ದು’ ಅಂತ ನಮ್ಮ ಬಟ್ಟೆ ಅಂಗಡಿಗೆ ಕೊಟ್ಟಿದ್ದು ಯಾವುದೋ ರೆಡಿಮೇಡ್ ಸ್ಕ್ರಿಪ್ಟು, ಅಂದರೆ ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಂ. ಲೋಗೋ ನಮ್ಮದು, ಬಣ್ಣ ನಮ್ಮದು, ಅಷ್ಟೇ.

ಎರಡೂವರೆ ಮೀಟರ್ ಬಟ್ಟೆಗೆ ಬಿಲ್ ಹಾಕಿದರೆ ಸ್ಟಾಕಿನಲ್ಲಿ ಮೂರು ಮೀಟರ್ ಕಡಿಮೆಯಾಗ್ತಿತ್ತು. ಡೇಟಾಬೇಸ್ ತೆರೆದು ನೋಡಿದರೆ ಪ್ರಮಾಣದ ಕಾಲಂ ಇಂಟಿಜರ್! ದಶಮಾಂಶಕ್ಕೆ ಜಾಗವೇ ಇಲ್ಲ, 2.5 ಹಾಕಿದರೆ 3 ಆಗಿ ಕೂರುತ್ತೆ. ಅಳೆದು ಮಾರುವ ವ್ಯಾಪಾರಕ್ಕೆ ಇದು! ಅದೇ ಡೇಟಾಬೇಸಿನಲ್ಲಿ ಪಕ್ಕದಲ್ಲೇ ಕಿಚನ್ ಆರ್ಡರ್, ವೇಟರ್ ಅಂತೆಲ್ಲ ಖಾಲಿ ಟೇಬಲ್‌ಗಳು. ಬಟ್ಟೆ ವ್ಯಾಪಾರಕ್ಕೆ ವೇಟರ್ ಯಾಕೆ ಸ್ವಾಮಿ? ಪರದೆಯ ಬಣ್ಣ, ವಿನ್ಯಾಸ ಬರೆದಿಡುವ ಸಿಎಸ್‌ಎಸ್ ಫೈಲಿನ ಮೇಲ್ಗಡೆ ಬೇರೆ ಯಾರದೋ ಥೀಮಿನ ಹೆಸರು, ಲೈಸೆನ್ಸು ಹಾಗೇ ಇದೆ. ಅದನ್ನು ಅಳಿಸುವಷ್ಟೂ ಮೈ ಬಗ್ಗಿಸಿಲ್ಲ. ನೋಡಿ ಮೈಯೆಲ್ಲ ಉರಿದುಹೋಯಿತು.

ಮಾಡಿಕೊಟ್ಟವರನ್ನು ಕೇಳಿದರೆ, ‘ಎಲ್ಲರೂ ಒಂದು ಬೇಸ್ ಇಟ್ಕೊಂಡೇ ಮಾಡೋದು ಸರ್.’ ದಶಮಾಂಶ ಸರಿ ಮಾಡಿ ಅಂದರೆ, ‘ಅದು ಸ್ಕೋಪಲ್ಲಿ ಇಲ್ಲ, ಚೇಂಜ್ ರಿಕ್ವೆಸ್ಟ್ ಆಗುತ್ತೆ.’ ಅದಕ್ಕೆ ಬೇರೆ ಕೊಟೇಶನ್! ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಕೊಡಿ ಅಂದರೆ, ‘ಕೋಡ್ ತಗೊಂಡು ನೀವೇನ್ ಮಾಡ್ತೀರಾ ಸರ್?’ ಅಂತ ನಗು. ಮರುದಿನ ಡೇಟಾಬೇಸ್ ಪಾಸ್‌ವರ್ಡ್ ಬದಲಾಗಿತ್ತು. ಸರ್ವರು, ಡೊಮೈನು ಎರಡೂ ಅವರ ಹೆಸರಲ್ಲೇ ಇವೆ.

ರೆಡಿಮೇಡನ್ನೇ ನೇರವಾಗಿ ಕೊಂಡಿದ್ದರೆ ಅಪ್‌ಡೇಟಾದರೂ ಬರ್ತಿತ್ತು. ನಿಜವಾದ ಕಸ್ಟಮ್ ಆಗಿದ್ದರೆ ಬೇರೆಯವರ ಕೈಲಿ ರಿಪೇರಿ ಮಾಡಿಸಬಹುದಿತ್ತು. ಇದು ಎರಡೂ ಅಲ್ಲ. ಮೂಲ ಸ್ಕ್ರಿಪ್ಟಿಗೆ ಹೊಸ ಆವೃತ್ತಿ ಬಂದರೂ ಹಾಕುವಂತಿಲ್ಲ, ಹಾಕಿದರೆ ಇವರು ತಿದ್ದಿದ್ದೆಲ್ಲ ಅಳಿಸಿಹೋಗುತ್ತೆ.

ಮೊದಲು ರೆಡಿಮೇಡ್ ಟ್ರಯಲ್ ತಗೊಳ್ಳಿ. ಒಂದು ತಿಂಗಳ ನಿಮ್ಮ ನಿಜವಾದ ಬಿಲ್‌ಗಳನ್ನೇ ಅದರಲ್ಲಿ ಓಡಿಸಿ: ತುಂಡು ಅಳತೆ, ಅರ್ಧ ವಾಪಸ್ ಬಂದ ಮಾಲು, ಹಳೇ ತಾರೀಖಿನ ಬಿಲ್ಲು, ಉಳಿದ ಒಂದೇ ಪೀಸನ್ನು ಇಬ್ಬರು ಒಟ್ಟಿಗೆ ಬಿಲ್ ಮಾಡೋದು. ಎಲ್ಲಿ ಸಿಕ್ಕಿಕೊಳ್ಳುತ್ತೋ ಅಷ್ಟನ್ನು ಮಾತ್ರ ಮಾಡಿಸಿ. ಸರ್ವರು ನಿಮ್ಮ ಹೆಸರಲ್ಲೇ ಇರಲಿ. ಆ ಸರ್ವರಿನಲ್ಲಿ ಅವರು ಕೊಟ್ಟ ಕೋಡನ್ನು ಬೇರೊಬ್ಬ ಡೆವಲಪರ್ ಓಡಿಸಿ ತೋರಿಸುವ ತನಕ ಕೊನೇ ಕಂತು ಕೊಡಬೇಡಿ, ಎಷ್ಟೇ ನಯವಾಗಿ ಮಾತಾಡಲಿ ಕೊಡಬೇಡಿ. ಕೋಡಿನ ಹಕ್ಕು ನಿಮ್ಮದು ಅಂತ ಬರವಣಿಗೆಯಲ್ಲಿ ತಗೊಳ್ಳಿ. ದುಡ್ಡು ಕೊಟ್ಟ ಮಾತ್ರಕ್ಕೆ ಕಾಪಿರೈಟ್ ತಾನಾಗೇ ನಿಮ್ಮದಾಗಿಬಿಡುತ್ತೆ ಅಂದುಕೊಳ್ಳಬೇಡಿ.

ನಮ್ಮ ಡೇಟಾ ನಮಗೆ ಕೊಡಿ, ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲಾದರೂ ಸಾಕು ಅಂತ ಕೇಳಿದ್ದಕ್ಕೆ ಪಿಡಿಎಫ್ ಕಳಿಸಿದ್ದಾರೆ. ಅದೂ ಸ್ಕ್ಯಾನ್ ಮಾಡಿದ್ದು. ‘ಇದರಲ್ಲಿ ಎಲ್ಲಾ ಇದೆ ಸರ್’ ಅಂತೆ.