ಕಾರಿನ ಬಾಗಿಲಿಗೆ ವರ್ಷದ ಚಂದಾ: ಮೂರು ಬಗೆಯ ಫೋನ್ ಕೀ ಬಳಸಿ ನೋಡಿದ ಮೇಲೆ

2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್ ಒಂದರ ಬೆನ್ನಿಗೊಂದು ಮಾರುಕಟ್ಟೆಗೆ ಬಂದಾಗ ‘ಇಂಟರ್‌ನೆಟ್ ಕಾರು’ ಎಂಬುದು ನಮ್ಮಲ್ಲಿ ಜಾಹೀರಾತಿನ ಮಾತಾಯಿತು. ಕಾರಿನೊಳಗೆ ಒಂದು ಸಿಮ್, ಫೋನಿನಲ್ಲಿ ಒಂದು ಆ್ಯಪ್, ಮೊದಲ ಕೆಲವು ವರ್ಷ ಉಚಿತ. ಆ ಉಚಿತ ಅವಧಿ ಈಗ ಒಬ್ಬೊಬ್ಬರಿಗಾಗಿ ಮುಗಿಯುತ್ತಾ ಬಂದಿದೆ. ನಮ್ಮ ಮನೆಯ ಕಾರಿಗೂ ಮುಗಿಯಿತು. ಮುಂದುವರಿಸಲು ವರ್ಷಕ್ಕೆ ಕೆಲವು ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ ಎಂಬ ಸಂದೇಶ ಬಂತು. ಕಟ್ಟುವುದೋ ಬಿಡುವುದೋ ಎಂದು ತೀರ್ಮಾನಿಸುವ ಮೊದಲು ಬಂಧುಗಳ ಕಾರುಗಳನ್ನೂ ಓಡಿಸಿ, ಅವುಗಳ ಫೋನ್ ಕೀಗಳನ್ನೂ ಬಳಸಿ ನೋಡಿದೆ. ನಮ್ಮದು ಸಿಮ್ ಮೂಲಕ ನಡೆಯುವ ಆ್ಯಪ್. ತಂಗಿಯ ವಿದ್ಯುತ್ ಕಾರಿನದು ಬ್ಲೂಟೂತ್ ಕೀ. ಭಾವನ ಹೊಸ ಕಾರಿನದು ಬಾಗಿಲಿನ ಹಿಡಿಗೆ ಫೋನ್ ತಾಗಿಸುವ ಎನ್‌ಎಫ್‌ಸಿ ಕೀ. ನಾನು ಬಳಸಿದ ಕಾರುಗಳ ಕಂಪನಿಗಳನ್ನು ಹೆಸರಿಸುತ್ತಿಲ್ಲ. ಒಂದೇ ಕಂಪನಿ ಒಂದು ಮಾದರಿಗೆ ಒಂದು ಬಗೆಯ ಕೀಯನ್ನೂ ಮತ್ತೊಂದಕ್ಕೆ ಮತ್ತೊಂದನ್ನೂ ಕೊಡುತ್ತಿರುವಾಗ ಬ್ರ್ಯಾಂಡನ್ನು ಹೋಲಿಸಿ ಪ್ರಯೋಜನವಿಲ್ಲ, ಬಗೆಯನ್ನು ಹೋಲಿಸಬೇಕು.

ಮೊದಲು ನಮ್ಮ ಕಾರು. ಆ್ಯಪ್‌ನಲ್ಲಿ ‘ಅನ್‌ಲಾಕ್’ ಒತ್ತಿದರೆ ಆ ಆಜ್ಞೆ ನೇರವಾಗಿ ಕಾರಿಗೆ ಹೋಗುವುದಿಲ್ಲ. ಫೋನಿನಿಂದ ಕಂಪನಿಯ ಸರ್ವರ್‌ಗೆ, ಅಲ್ಲಿಂದ ಮೊಬೈಲ್ ಟವರ್‌ಗೆ, ಟವರ್‌ನಿಂದ ಕಾರಿನ ಸಿಮ್‌ಗೆ, ಆಮೇಲೆ ಬಾಗಿಲಿಗೆ. ಬಾನೆಟ್‌ಗೆ ಒರಗಿ ನಿಂತು ಒತ್ತಿದರೂ ಇದೇ ಸುತ್ತು, ದೆಹಲಿಯಿಂದ ಒತ್ತಿದರೂ ಇದೇ ಸುತ್ತು. ಬಾಗಿಲು ತೆರೆಯುವಷ್ಟರಲ್ಲಿ ಜೇಬಿನ ಕೀ ಹುಡುಕಿ ಒತ್ತಿ ಒಳಗೆ ಕುಳಿತಿರಬಹುದು. ಇನ್ನು ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ನೆಲಮಾಳಿಗೆಯಲ್ಲಿ ಅದು ತೆರೆಯುವುದೇ ಇಲ್ಲ. ಅಲ್ಲಿ ಫೋನಿಗೂ ಸಿಗ್ನಲ್ ಇಲ್ಲ, ಕಾರಿಗೂ ಇಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಾ ಇದ್ದು, ಕೊನೆಗೆ ವಾಹನದ ಸಂಪರ್ಕ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಕೊಪ್ಪದ ಬಳಿಯ ಅಪ್ಪನ ಮನೆಯಲ್ಲೂ ಇದೇ ಪಾಡು. ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡವನ್ನು ಹುಡುಕಿಕೊಂಡು ಹೋಗುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಲವು ದಿನ ನಿಲ್ಲಿಸಿಟ್ಟರೆ ಮತ್ತೊಂದು ತೊಡಕು: 12 ವೋಲ್ಟ್ ಬ್ಯಾಟರಿ ಖಾಲಿಯಾಗದಿರಲೆಂದು ಸಿಮ್ ಘಟಕ ನಿದ್ದೆಗೆ ಜಾರುತ್ತದೆ. ಒಮ್ಮೆ ಕೀ ತಿರುಗಿಸಿ ಎಬ್ಬಿಸುವ ತನಕ ಆ್ಯಪ್‌ನ ಮಾತನ್ನು ಅದು ಕೇಳುವುದಿಲ್ಲ.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ. ಭಾವನ ಊರು ಕಲಬುರಗಿ. ಮೇ ತಿಂಗಳಲ್ಲಿ ಅಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಸ್ಟೀರಿಂಗ್ ಮುಟ್ಟಿದವರಿಗೆ ಗೊತ್ತು. ಊಟದ ಎಲೆ ಮುಂದಿರುವಾಗಲೇ ಆ್ಯಪ್‌ನಿಂದ ಎಸಿ ಹಾಕಿ, ಕೈ ತೊಳೆದು ಹೊರಡುವ ಹೊತ್ತಿಗೆ ಕಾರು ತಣ್ಣಗಾಗಿರುವ ಸುಖಕ್ಕೆ ನಾನು ಹಣ ಕೊಟ್ಟೇನು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ ಹೋದ ಕಾರಿಗೆ ಬೀಗ ಬಿದ್ದಿದೆಯೇ ಎಂಬ ಅನುಮಾನ ದೆಹಲಿಯಲ್ಲಿ ಕಾಡಿದಾಗ ಅದನ್ನು ಅಲ್ಲಿಂದಲೇ ಪರಿಹರಿಸಿಕೊಳ್ಳಬಹುದು. ಕಾರು ಬೇರೆಯವರ ಕೈಯಲ್ಲಿದ್ದಾಗ ಎಲ್ಲಿದೆ ಎಂದು ನೋಡಬಹುದು. ಆದರೆ ‘ನಿಲ್ಲಿಸಿದ ಜಾಗ ತೋರಿಸು’ ಎಂಬ ಸೌಲಭ್ಯವನ್ನು ಇದೇ ಪಟ್ಟಿಗೆ ಸೇರಿಸಿ ದೊಡ್ಡದು ಮಾಡುವುದು ನಗು ತರಿಸುತ್ತದೆ. ದಸರೆಯ ಜನಸಂದಣಿಯಲ್ಲಿ ಮೈಸೂರಿನ ಯಾವ ಅಡ್ಡರಸ್ತೆಯಲ್ಲಿ ಕಾರು ಬಿಟ್ಟೆವೆಂದು ಫೋನಿನ ಗೂಗಲ್ ಮ್ಯಾಪ್ ಪುಕ್ಕಟೆಯಾಗಿಯೇ ನೆನಪಿಟ್ಟುಕೊಳ್ಳುತ್ತದೆ.

ತಂಗಿಯ ಕಾರಿನ ಬ್ಲೂಟೂತ್ ಕೀ ಕೆಲಸ ಮಾಡಿದಾಗ ಮೂರರಲ್ಲಿ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಹೋದರೂ ಫೋನ್ ಜೇಬಿನಲ್ಲೇ ಇರುತ್ತದೆ, ಕಾರು ತಾನಾಗಿ ತೆರೆದುಕೊಳ್ಳುತ್ತದೆ. ಸರ್ವರ್ ಬೇಕಿಲ್ಲ, ನೆಲಮಾಳಿಗೆಯ ಅಡ್ಡಿಯಿಲ್ಲ, ಚಂದಾ ಇಲ್ಲ. ಆದರೆ ಇದರ ಮರ್ಜಿ ಫೋನಿನ ಕೈಯಲ್ಲಿದೆ. ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮುಚ್ಚುತ್ತವೆ. ಆಗ ಕಾರಿನ ಮುಂದೆ ನಿಂತು ಫೋನ್ ತೆಗೆದು, ಆ್ಯಪ್ ತೆರೆದು, ‘ನಾನೇ ಬಂದಿದ್ದೇನೆ’ ಎಂದು ಪರಿಚಯ ಹೇಳಿಕೊಳ್ಳಬೇಕು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದರೆ ತೊಂದರೆ ಬಹುಪಾಲು ತಪ್ಪುತ್ತದೆ. ಶೋರೂಮಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ದೂರದ ಅಂದಾಜಿನಲ್ಲೂ ಎಡವಟ್ಟಿದೆ. ತಂಗಿಯ ಮನೆಯಲ್ಲಿ ಕಾರು ನಿಲ್ಲುವುದು ಅಡುಗೆಮನೆಯ ಗೋಡೆಗೆ ತಾಗಿ. ಅವಳು ಒಲೆಯಿಂದ ಸಿಂಕ್‌ಗೆ ನಡೆದರೆ ಹೊರಗೆ ಕಾರಿನ ದೀಪ ಮಿನುಗುತ್ತದೆ.

ಆ ಎಡವಟ್ಟಿಗೆ ಕಾರಣ, ಬ್ಲೂಟೂತ್ ದೂರವನ್ನು ಸಿಗ್ನಲ್ಲಿನ ಬಲದಿಂದ ಊಹಿಸುತ್ತದೆ. 2022ರಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಇದೇ ದೌರ್ಬಲ್ಯ ಹಿಡಿದು, ಮಾಲೀಕರ ಫೋನಿನ ಸಂಕೇತವನ್ನು ಎರಡು ಉಪಕರಣಗಳ ಮೂಲಕ ದಾಟಿಸಿ ಟೆಸ್ಲಾ ಮಾಡೆಲ್ 3 ಕಾರನ್ನು ತೆರೆದು ತೋರಿಸಿದರು. ಹೊಸ ದುಬಾರಿ ಕಾರುಗಳಲ್ಲಿ ಬರುತ್ತಿರುವ ಅಲ್ಟ್ರಾ ವೈಡ್‌ಬ್ಯಾಂಡ್ ಇದಕ್ಕೆ ಮದ್ದು. ಅದು ಸಂಕೇತ ಹೋಗಿ ಬರುವ ಸಮಯವನ್ನೇ ಅಳೆದು ದೂರ ಲೆಕ್ಕ ಹಾಕುತ್ತದೆ. ಕಾರು ಮತ್ತು ಫೋನ್ ತಯಾರಕರ ಒಕ್ಕೂಟವಾದ ಕಾರ್ ಕನೆಕ್ಟಿವಿಟಿ ಕನ್ಸಾರ್ಷಿಯಂ ತನ್ನ ಡಿಜಿಟಲ್ ಕೀ ಮಾನದಂಡದ ಮೂರನೇ ಆವೃತ್ತಿಯಲ್ಲಿ, 2021ರಲ್ಲಿ, ಇದನ್ನು ಸೇರಿಸಿತು.

ಭಾವನ ಕಾರಿನ ಎನ್‌ಎಫ್‌ಸಿ ಕೀ ನೋಡಲು ಮಂಕು. ಫೋನನ್ನು ಬಾಗಿಲಿನ ಹಿಡಿಗೆ ತಾಗಿಸಬೇಕು, ಒಳಗೆ ವೈರ್‌ಲೆಸ್ ಚಾರ್ಜರ್ ಮೇಲೆ ಇಟ್ಟು ಸ್ಟಾರ್ಟ್ ಗುಂಡಿ ಒತ್ತಬೇಕು. ನಮ್ಮಲ್ಲಿ 2024ರ ಹ್ಯುಂಡೈ ಅಲ್ಕಜಾರ್ ಮತ್ತು 2025ರ ಕ್ರೆಟಾ ಎಲೆಕ್ಟ್ರಿಕ್‌ನಿಂದ ಈ ಬಗೆ ಮಧ್ಯಮವರ್ಗದ ಕೈಗೂ ಎಟುಕುತ್ತಿದೆ. ಕೆಲವೇ ಸೆಂಟಿಮೀಟರ್ ದೂರಕ್ಕೆ ಮಾತ್ರ ಕೆಲಸ ಮಾಡುವುದರಿಂದ ಕದಿಯುವವನಿಗೆ ಕಷ್ಟ, ಅಡುಗೆಮನೆಯಿಂದ ದೀಪ ಮಿನುಗುವ ಪ್ರಶ್ನೆಯೂ ಇಲ್ಲ. ನಮ್ಮ ನೆಲಮಾಳಿಗೆಯಲ್ಲಿ ತೆರೆಯಿತು, ಕೊಪ್ಪದಲ್ಲಿ ತೆರೆಯಿತು, ಚಾರ್ಮಾಡಿ ಘಾಟಿಯ ಮಳೆಯಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲದ ಕಡೆ ತೆರೆಯಿತು. ಐಫೋನಿನ ವಾಲೆಟ್‌ಗೆ ಸೇರುವ ಕೀ ಆಗಿದ್ದರೆ, ಬ್ಯಾಟರಿ ಮುಗಿದು ಫೋನ್ ಆಫ್ ಆದ ಮೇಲೂ ಐದು ಗಂಟೆಯವರೆಗೆ ಬಾಗಿಲು ತೆರೆಯಬಹುದೆಂದು ಆ್ಯಪಲ್ ಹೇಳುತ್ತದೆ.

ಕಿರಿಕಿರಿಗಳು ಬೇರೆ ರೀತಿಯವು. ದಪ್ಪ ಕವರ್ ಹಾಕಿದ ಫೋನನ್ನು ಸರಿಯಾದ ಜಾಗಕ್ಕೆ ತಾಗಿಸಲು ಹಿಡಿಯ ಮೇಲೆ ಅತ್ತಿತ್ತ ಉಜ್ಜಬೇಕಾಗುತ್ತದೆ. ಕಾರಿನ ಜೊತೆ ಕೊಡುವ ಎನ್‌ಎಫ್‌ಸಿ ಕಾರ್ಡನ್ನು ಮೆಟ್ರೊ ಕಾರ್ಡ್ ಇರುವ ಪರ್ಸ್‌ನಲ್ಲೇ ಇಟ್ಟು ತಾಗಿಸಿದರೆ ಕಾರು ಗೊಂದಲಗೊಳ್ಳುತ್ತದೆ. ಅದನ್ನು ಬೇರೆಯಾಗಿ ತೆಗೆದು ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಕಡಿಮೆ ಬೆಲೆಯ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಎನ್‌ಎಫ್‌ಸಿ ಇರುವುದೇ ಇಲ್ಲ. ಒಂದು ದಿನದ ಮಟ್ಟಿಗೆ ಕರೆದ ಡ್ರೈವರ್‌ಗೆ ಡಿಜಿಟಲ್ ಕೀ ಕಳಿಸುತ್ತೇನೆ ಎಂದು ಭಾವ ಉತ್ಸಾಹದಿಂದ ಹೊರಟರು. ‘ಸಾರ್, ನನ್ನ ಫೋನಲ್ಲಿ ಅದೆಲ್ಲ ಬರಲ್ಲ, ಕೀನೇ ಕೊಡಿ’ ಎಂದು ಆತ ಕೈ ಚಾಚಿದ.

ಸಾಮಾನ್ಯ ರಿಮೋಟ್ ಕೀ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಔಷಧದ ಅಂಗಡಿಯಲ್ಲೂ ಸಿಗುವ ಬಿಲ್ಲೆ ಸೆಲ್ಲು ಅದರ ಏಕೈಕ ಖರ್ಚು. ಕಳೆದುಹೋದರೆ ಮಾತ್ರ ಶೋರೂಮಿನವರು ಹೇಳುವ ಬೆಲೆ ಕೇಳಿ ಕುಳಿತುಕೊಳ್ಳಬೇಕು. ಅಪ್ಪನಿಗೆ ಇದರ ಹೊರತು ಬೇರೆ ಯಾವುದರ ಮೇಲೂ ನಂಬಿಕೆಯಿಲ್ಲ. ಒಳಗೆ ಅಡಗಿರುವ ಲೋಹದ ಕೀಯನ್ನು ತಿಂಗಳಿಗೊಮ್ಮೆ ಹೊರತೆಗೆದು ನೋಡುತ್ತಾರೆ.

ಈ ಹೋಲಿಕೆಯಿಂದ ನನಗೆ ಸ್ಪಷ್ಟವಾದ ವಿಚಾರ ಇಷ್ಟು: ದೂರಕ್ಕೆ ದುಡ್ಡು ಕೊಡಬಹುದು, ಹತ್ತಿರಕ್ಕೆ ಕೊಡಬಾರದು. ಬೆಂಗಳೂರಿನಿಂದ ಕಲಬುರಗಿಯ ಕಾರಿನ ಎಸಿ ಹಾಕಲು ಸಿಮ್ ಬೇಕು, ಸರ್ವರ್ ಬೇಕು, ಅವೆರಡಕ್ಕೂ ಕಂಪನಿಗೆ ತಿಂಗಳು ತಿಂಗಳು ಖರ್ಚಿದೆ. ಎರಡು ಬೆರಳಿನ ಅಂತರದಲ್ಲಿ ಫೋನೂ ಬಾಗಿಲೂ ಮಾತಾಡಿಕೊಳ್ಳಲು ಯಾರಿಗೂ ಏನೂ ಖರ್ಚಿಲ್ಲ. ಆ ಯಂತ್ರಾಂಶಕ್ಕೆ ಕಾರಿನ ಬೆಲೆಯಲ್ಲೇ ಹಣ ಕೊಟ್ಟಾಗಿದೆ. ಆದರೂ ಎರಡನ್ನೂ ಒಂದೇ ಕಟ್ಟಿನಲ್ಲಿ ಸುತ್ತಿ ಚಂದಾ ಕೇಳುವ ಚಾಳಿ ಕಂಪನಿಗಳಿಗೆ ಬರುತ್ತಿದೆ. ಅಮೆರಿಕದಲ್ಲಿ 2021ರ ಕೊನೆಗೆ ಹೊರಬಿದ್ದ ಟೊಯೊಟಾ ಪ್ರಕರಣವೇ ನೋಡಿ. ಕೈಯಲ್ಲಿರುವ ರಿಮೋಟ್ ಕೀಯಿಂದ ಎಂಜಿನ್ ಸ್ಟಾರ್ಟ್ ಮಾಡುವ ಸೌಲಭ್ಯ ನೇರ ರೇಡಿಯೊ ಸಂಕೇತದಿಂದ ನಡೆಯುವಂಥದ್ದು, ಅದಕ್ಕೆ ಇಂಟರ್‌ನೆಟ್‌ನ ಹಂಗಿಲ್ಲ. ಆದರೂ ಹಲವು ಮಾದರಿಗಳಲ್ಲಿ ಉಚಿತ ಅವಧಿ ಮುಗಿದು, ತಿಂಗಳಿಗೆ 8 ಡಾಲರಿನ ಚಂದಾ ಕಟ್ಟದಿದ್ದರೆ ಅದು ನಿಲ್ಲುವಂತೆ ಮಾಡಲಾಗಿತ್ತು. 2022ರಲ್ಲಿ ಬಿಎಂಡಬ್ಲ್ಯು ದಕ್ಷಿಣ ಕೊರಿಯಾದಲ್ಲಿ ಸೀಟು ಬೆಚ್ಚಗಾಗಿಸಲು ತಿಂಗಳಿಗೆ ಸುಮಾರು 18 ಡಾಲರ್ ಕೇಳಿತು. ಬಿಸಿ ಮಾಡುವ ತಂತಿ ಸೀಟಿನೊಳಗೆ ಮೊದಲೇ ಇತ್ತು. ಜಗತ್ತಿನಾದ್ಯಂತ ಬೈಗುಳ ತಿಂದು ಮರುವರ್ಷ ಅದನ್ನು ಕೈಬಿಟ್ಟಿತು. ಗ್ರಾಹಕರು ಗಲಾಟೆ ಮಾಡಿದರೆ ಫಲವಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದಕ್ಕೆ ಎದುರಾಗಿ ಟೆಸ್ಲಾ ಫೋನ್ ಕೀಗೆ ಹಣ ಕೇಳುವುದಿಲ್ಲ. ಅಮೆರಿಕದಲ್ಲಿ ಅದು ತಿಂಗಳಿಗೆ ಸುಮಾರು 10 ಡಾಲರ್ ಕೇಳುವುದು ಉಪಗ್ರಹ ನಕ್ಷೆ, ವಿಡಿಯೊ, ಸಂಗೀತದಂಥ ಡೇಟಾ ತಿನ್ನುವ ಸೌಲಭ್ಯಗಳಿಗೆ. ಬೆಲೆ ಹೇಗೇ ಇರಲಿ, ಗೆರೆ ಎಳೆದ ಜಾಗ ಸರಿಯಾಗಿದೆ.

ಬೆಂಗಳೂರಿನವರಿಗೆ ಈ ಜಗಳ ಹೊಸದೇನಲ್ಲ. ಇಲ್ಲಿನದೇ ಆದ ಏಥರ್ ತನ್ನ 450 ಸ್ಕೂಟರನ್ನು 2018ರಲ್ಲಿ ಬಿಡುಗಡೆ ಮಾಡಿದಾಗಲೇ ಅದರ ಜೊತೆ ಚಂದಾ ಯೋಜನೆ ಇತ್ತು. ಮುಂದೆ ಪ್ರೊ ಪ್ಯಾಕ್ ಕೊಂಡವರಿಗೆ ಒಂದು ಸೌಲಭ್ಯ, ಕೊಳ್ಳದವರಿಗೆ ಇನ್ನೊಂದು ಎಂಬ ವಿಂಗಡಣೆಯೂ ಬಂತು. ಸ್ಕೂಟರ್ ಸವಾರರು ಆಗ ಆಡಿದ ಮಾತುಗಳನ್ನೇ ಈಗ ಕಾರಿನವರು ಆಡುತ್ತಿದ್ದಾರೆ.

ಚಂದಾ ಮುಗಿದಾಗ ನನ್ನನ್ನು ನಿಜಕ್ಕೂ ಕೆರಳಿಸಿದ್ದು ಬಾಗಿಲಿನ ವಿಚಾರವಲ್ಲ. ನಿಲ್ಲಲಿರುವ ಸೇವೆಗಳ ಪಟ್ಟಿಯಲ್ಲಿ ಎಸ್‌ಒಎಸ್ ಗುಂಡಿಯೂ ಇತ್ತು. ಅಪಘಾತವಾದಾಗ ಕಾರು ತಾನೇ ಸಹಾಯ ಕೇಂದ್ರಕ್ಕೆ ತಿಳಿಸುವ ವ್ಯವಸ್ಥೆಯನ್ನು, ಹಾಡು ಬದಲಿಸುವ ಧ್ವನಿ ಆಜ್ಞೆಯ ಜೊತೆ ಒಂದೇ ಸಾಲಿನಲ್ಲಿ ಬರೆದಿದ್ದರು. ಯುರೋಪಿನ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಕಾರು ಮಾದರಿಗಳಲ್ಲಿ ಇ-ಕಾಲ್ ಕಡ್ಡಾಯ. ಏರ್‌ಬ್ಯಾಗ್ ತೆರೆದರೆ ಕಾರು ತಾನಾಗಿ 112ಕ್ಕೆ ಕರೆ ಮಾಡಿ ತಾನಿರುವ ಜಾಗ ತಿಳಿಸುತ್ತದೆ, ಮಾಲೀಕರು ಅದಕ್ಕೆ ಬಿಡಿಗಾಸು ಕೊಡಬೇಕಿಲ್ಲ. ನಮ್ಮ ತುರ್ತು ಸಂಖ್ಯೆಯೂ 112. ಆದರೆ ಸ್ಥಳ ತಿಳಿಸುವ ಸಾಧನ ಮತ್ತು ತುರ್ತು ಗುಂಡಿಯನ್ನು ಕಡ್ಡಾಯ ಮಾಡುವ ನಮ್ಮ ಎಐಎಸ್-140 ನಿಯಮ ಸಾರ್ವಜನಿಕ ಸಾರಿಗೆ ವಾಹನಗಳಿಗೆ ಮಾತ್ರ, ಖಾಸಗಿ ಕಾರಿಗಲ್ಲ.

ಸಿಮ್ ಇರುವ ಕಾರಿನ ಇನ್ನೊಂದು ಬೆಲೆ ರಸೀತಿಯಲ್ಲಿ ಕಾಣುವುದಿಲ್ಲ. ಜನರಲ್ ಮೋಟರ್ಸ್ ತನ್ನ ಗ್ರಾಹಕರು ಎಲ್ಲಿ, ಹೇಗೆ ಓಡಿಸುತ್ತಾರೆಂಬ ಮಾಹಿತಿಯನ್ನು ವಿಮೆ ಕಂಪನಿಗಳಿಗೆ ವರದಿ ಕೊಡುವ ಸಂಸ್ಥೆಗಳಿಗೆ ಒದಗಿಸಿದ್ದು 2024ರಲ್ಲಿ ಬಯಲಾಯಿತು. 2025ರ ಜನವರಿಯಲ್ಲಿ ಅಂಥ ಸಂಸ್ಥೆಗಳಿಗೆ ಈ ಮಾಹಿತಿ ಕೊಡದಂತೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ ಐದು ವರ್ಷದ ನಿಷೇಧ ಪ್ರಸ್ತಾಪಿಸಿತು. ಹಣ ಕಟ್ಟಿ ಇಂಥ ಸೇವೆ ಪಡೆಯುವವರು ಆ್ಯಪ್‌ನ ಒಪ್ಪಿಗೆ ಪುಟವನ್ನು ಒಮ್ಮೆ ಓದಿ, ಚಾಲನೆಯ ಅಂಕ ಕೊಡುವಂಥ ಸೌಲಭ್ಯಗಳನ್ನು ಆಫ್ ಮಾಡಿಬಿಡುವುದು ಲೇಸು. ಬಾಗಿಲಿಗೆ ತಾಗಿಸುವ ಎನ್‌ಎಫ್‌ಸಿ ಮಾತ್ರ ಈ ಚಾಡಿಯ ಗೋಜಿಗೆ ಹೋಗುವುದಿಲ್ಲ.

ನಮ್ಮ ಕಾರಿಗೆ ಚಂದಾ ಕಟ್ಟಲಿಲ್ಲ. ನೆಲಮಾಳಿಗೆಯಲ್ಲಿ ನಿಲ್ಲುವ, ವಾರಕ್ಕೊಮ್ಮೆ ಹೊರಬೀಳುವ ಕಾರಿಗೆ ಅದು ದಂಡ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಾದರೆ, ಅಥವಾ ಕಾರನ್ನು ಡ್ರೈವರ್ ಕೈಗೆ ಒಪ್ಪಿಸುವವರಾದರೆ, ಕಟ್ಟಿ ಎನ್ನುತ್ತೇನೆ. ಹೊಸದಾಗಿ ಕೊಳ್ಳುವವರಿಗೆ ನನ್ನ ಆಯ್ಕೆ ಎನ್‌ಎಫ್‌ಸಿ. ಆದರೆ ಬುಕಿಂಗ್ ಹಣ ಕೊಡುವ ಮುನ್ನ ಒಂದು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ: ಉಚಿತ ಅವಧಿ ಮುಗಿದ ಮೇಲೆ ಫೋನ್ ಬದಲಿಸಿದರೆ ಹೊಸ ಫೋನಿಗೆ ಕೀ ಹಾಕಿಕೊಳ್ಳಲು ಚಂದಾ ಬೇಕೇ? ಬಾಗಿಲು ತೆರೆಯಲು ಇಂಟರ್‌ನೆಟ್ ಬೇಡವಾದರೂ ಕೀಯನ್ನು ಮೊದಲ ಸಲ ಫೋನಿಗೆ ಸೇರಿಸಲು ಕಂಪನಿಯ ಖಾತೆ ಬೇಕಾಗುತ್ತದೆ, ಚಂದಾದ ಗಂಟು ಅಡಗಿರುವುದು ಅಲ್ಲೇ. ಹಳೆಯ ಕಾರು ಕೊಳ್ಳುವವರು ಆರ್‌ಸಿ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿಸುವ ದಿನವೇ, ಹಿಂದಿನ ಮಾಲೀಕರನ್ನು ಎದುರಿಗೆ ಕೂರಿಸಿಕೊಂಡು ಅವರ ಆ್ಯಪ್‌ನಿಂದ ಕಾರನ್ನು ತೆಗೆಸಿ, ಹಂಚಿದ ಕೀಗಳನ್ನೆಲ್ಲ ಅಳಿಸಿ. ಲೋಹದ ಕೀಗಳೆರಡನ್ನೂ ಎಣಿಸಿ ತೆಗೆದುಕೊಂಡು ಬಂದರೂ ಅವರ ಫೋನಿಗೆ ನಿಮ್ಮ ಬಾಗಿಲು ಇನ್ನೂ ತೆರೆಯುತ್ತಿರಬಹುದು.