ಫುಕೆಟ್‌ನಲ್ಲಿ ಹಡಗು ತಪ್ಪಿದ್ದು ಹೇಗೆ: ಕ್ರೂಸ್‌ಗೆ ಹೊರಟ ಕೊಡಗಿನವರಿಗೆ ಎಚ್ಚರಿಕೆ

ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಿದ್ದು, ಸ್ಪ್ರಿಂಕ್ಲರ್ ಪೈಪುಗಳು ಶೆಡ್ ಸೇರಿದ ಮೇಲೆ ತೋಟದವರಿಗೆ ಮಳೆಗಾಲದ ತನಕ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ದಕ್ಷಿಣ ಕೊಡಗಿನ 8 ಜನರ ಗುಂಪೊಂದು ಸಿಂಗಾಪುರದಿಂದ ಮಲೇಷ್ಯಾದ ಪಿನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಮರಳುವ ಕ್ರೂಸ್ ಹತ್ತಿತು. ಹಡಗು ಸಿಂಗಾಪುರಕ್ಕೆ ಮರಳಿದಾಗ ಅದರಲ್ಲಿ ಅವರ ಸೂಟ್‌ಕೇಸ್‌ಗಳಿದ್ದವು, ಅವರಿರಲಿಲ್ಲ.

ದುಡ್ಡು ಉಳಿಸಲು ಹೋಗಿ ಕೆಟ್ಟರು ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಅಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಹಿಂದಿನ ದಿನ ಪಿನಾಂಗ್‌ನಲ್ಲಿ ಇದೇ ಗುಂಪು ಹಡಗಿನ ಟೂರ್, ಅಂದರೆ ಹಡಗಿನವರೇ ಪ್ರತಿ ಬಂದರಿನಲ್ಲಿ ಮಾರುವ ಟೂರ್, ಬಿಟ್ಟು ತಾವೇ ಗಾಡಿ ಹಿಡಿದು ಆರಾಮವಾಗಿ ಸುತ್ತಿ, ಒಳ್ಳೆಯ ಊಟ ಮಾಡಿ, ಎರಡು ಗಂಟೆ ಮೊದಲೇ ಹಡಗು ಸೇರಿತ್ತು. ಪಿನಾಂಗ್‌ನಲ್ಲಿ ನಡೆದ ಲೆಕ್ಕ ಫುಕೆಟ್‌ನಲ್ಲಿ ನಡೆಯಲಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಆ ದಿನದ ಗಂಟೆಗಳನ್ನು ಒಂದೊಂದಾಗಿ ನೋಡಬೇಕು.

ಫುಕೆಟ್‌ನಲ್ಲಿ ಎಷ್ಟೋ ಹಡಗುಗಳು ದಕ್ಕೆಗೆ ಬರುವುದಿಲ್ಲ. ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕುತ್ತವೆ, ಜನರನ್ನು ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತವೆ. ಹಡಗಿನ ಟೂರ್ ತೆಗೆದುಕೊಂಡವರಿಗೆ ಮೊದಲ ದೋಣಿಗಳು. ಉಳಿದವರು ನಂಬರ್ ಚೀಟಿ ಹಿಡಿದು ಕಾಯಬೇಕು. ಈ ಗುಂಪು ಆನ್‌ಲೈನ್‌ನಲ್ಲಿ ಹೊರಗಿನವರಿಂದ ಫಿ ಫಿ ದ್ವೀಪದ ಸ್ಪೀಡ್‌ಬೋಟ್ ಟೂರ್ ಹಿಡಿದಿತ್ತು. ವ್ಯಾನ್ ಪಟಾಂಗ್‌ನಲ್ಲಿ ಹತ್ತಿಸಿಕೊಳ್ಳಬೇಕಾದದ್ದು ಬೆಳಿಗ್ಗೆ 8.30ಕ್ಕೆ. ಇವರ ನಂಬರ್ ಬಂದು ದಡ ಮುಟ್ಟುವಾಗ 9.40. ಸ್ಪೀಡ್‌ಬೋಟ್ ಹೊರಡುವ ಜಾಗ ದ್ವೀಪದ ಪೂರ್ವಕ್ಕೆ, ಪಟಾಂಗ್ ಇರುವುದು ಪಶ್ಚಿಮಕ್ಕೆ, ನಡುವೆ ಗುಡ್ಡದ ರಸ್ತೆ ಮತ್ತು ಟ್ರಾಫಿಕ್. ಬೋಟ್ ಹೊರಟದ್ದು 10.45ಕ್ಕೆ. ಬೆಳಿಗ್ಗೆಯೇ ಎರಡು ಗಂಟೆ ಹೋಗಿತ್ತು. ಟೂರ್ ಬಿಡಬೇಕಾದ ಹೊತ್ತು ಅದು. ದುಡ್ಡು ಕೊಟ್ಟಾಗಿದೆ ಎಂದು ಯಾರೂ ಬಿಡಲಿಲ್ಲ.

ಎರಡನೆಯ ಪೆಟ್ಟು ಸಹಪ್ರಯಾಣಿಕರದ್ದು. ‘ಹಡಗಿನವರಿಗೆಂದೇ ಮಾಡಿದ ಟೂರ್’ ಎಂದು ಮಾರಿದವರು ಹೇಳಿದ್ದರು. ಬೋಟಿನಲ್ಲಿ ಇವರೊಂದಿಗೆ ಇದ್ದವರೆಲ್ಲ ಹೋಟೆಲ್‌ಗಳಲ್ಲಿ ಉಳಿದುಕೊಂಡಿದ್ದ ಪ್ರವಾಸಿಗರು. ಅವರಿಗೆ ಸಂಜೆ ಆರಕ್ಕೆ ಮುಟ್ಟಿದರೂ ನಷ್ಟವಿಲ್ಲ. ಎಂಟು ಜನ ಅವಸರ ಮಾಡಿದರೆ ಮೂವತ್ತು ಜನ ಊಟದ ಮೇಜಿನಿಂದ ಏಳುವುದಿಲ್ಲ. ದಡಕ್ಕೆ ಬಂದ ಮೇಲೂ ವ್ಯಾನ್ ತುಂಬುವ ತನಕ ಕಾದರು, ಮತ್ತೆ ಅದೇ ಗುಡ್ಡ, ಅದೇ ಟ್ರಾಫಿಕ್.

ಮೂರನೆಯದು ಗಡಿಯಾರ. ಇದನ್ನು ದಯವಿಟ್ಟು ಎರಡು ಸಲ ಓದಿ. ಸಿಂಗಾಪುರ ಮತ್ತು ಮಲೇಷ್ಯಾದ ಸಮಯ ಒಂದೇ. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ಕೆಲವೇ ದಿನದ ಯಾನಕ್ಕೆ ಹಡಗಿನ ಗಡಿಯಾರವನ್ನು ಬದಲಿಸದೆ ಸಿಂಗಾಪುರದ ಸಮಯದಲ್ಲೇ ಬಿಟ್ಟಿದ್ದರು. ದಡ ಮುಟ್ಟಿದ ಕೂಡಲೇ ಫೋನ್ ತಾನಾಗಿ ಥಾಯ್ ಸಮಯಕ್ಕೆ ತಿರುಗಿತು. ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬಂದ, ಮರುದಿನದ ಕಾರ್ಯಕ್ರಮ ತಿಳಿಸುವ ಹಡಗಿನ ದಿನಪತ್ರಿಕೆಯಲ್ಲಿ ‘ಕೊನೆಯ ಟೆಂಡರ್ 5.00, ಹಡಗಿನ ಸಮಯ’ ಎಂದು ಅಚ್ಚಾಗಿತ್ತು. ಇವರು 5.00 ನೆನಪಿಟ್ಟುಕೊಂಡರು, ಮುಂದಿನ ಎರಡು ಪದ ಬಿಟ್ಟರು. ಪಟಾಂಗ್ ಮುಟ್ಟಿದಾಗ ಫೋನಿನಲ್ಲಿ 4.35. ‘ಇನ್ನೂ 25 ನಿಮಿಷ ಇದೆ ಬಾವ’ ಎಂದು ಒಬ್ಬರು ಸಮಾಧಾನವನ್ನೂ ಹೇಳಿದರಂತೆ. ಹಡಗಿನಲ್ಲಿ ಆಗ 5.35. ಕೊಲ್ಲಿಯಲ್ಲಿ ಹಡಗು ನಿಂತೇ ಇತ್ತು, ಕಣ್ಣೆದುರಿಗೇ ಕಾಣುತ್ತಿತ್ತು. ಟೆಂಡರ್‌ಗಳನ್ನು ಮಾತ್ರ ಎಳೆದು ಮೇಲೆ ಕಟ್ಟಿಯಾಗಿತ್ತು. 6.00ಕ್ಕೆ ಲಂಗರು ಎತ್ತಿತು.

ಹಡಗಿನಿಂದ ಇಳಿಯುವಾಗಲೂ ಹತ್ತುವಾಗಲೂ ಕ್ರೂಸ್ ಕಾರ್ಡನ್ನು ಸ್ಕ್ಯಾನ್ ಮಾಡುತ್ತಾರೆ, ಹಾಗಾಗಿ ಯಾರು ಬಂದಿಲ್ಲ ಎಂಬುದು ಹಡಗಿನವರಿಗೆ ಹೆಸರು ಸಹಿತ ಗೊತ್ತಿರುತ್ತದೆ. ಮೊದಲೇ ತೆಗೆದಿಟ್ಟುಕೊಂಡಿದ್ದ 8 ಪಾಸ್‌ಪೋರ್ಟ್‌ಗಳನ್ನು ಅವರು ಬಂದರಿನ ಏಜೆಂಟ್, ಅಂದರೆ ದಡದಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವವರ, ಕೈಗೆ ಒಪ್ಪಿಸಿ ಹೋಗಿದ್ದರು. ಅದೊಂದು ಪುಣ್ಯ. ರಾತ್ರಿಯ ಕೋಣೆ, ಮರುದಿನ ಎಂಟು ಜನರಿಗೆ ಸಿಂಗಾಪುರದ ವಿಮಾನ, ಎಲ್ಲವೂ ಸ್ವಂತ ಖರ್ಚು. ಹೊರಗಿನ ಟೂರ್‌ನಲ್ಲಿ ತಲೆಗೆ ಉಳಿದಿದ್ದ ಮೂರು ಸಾವಿರ ರೂಪಾಯಿ ಆ ರಾತ್ರಿಯೇ ಮುಗಿಯಿತು. ಬಿಪಿ, ಶುಗರ್ ಮಾತ್ರೆಗಳು ಕ್ಯಾಬಿನ್‌ನಲ್ಲಿ, ಉಟ್ಟಿದ್ದು ಉಪ್ಪುನೀರಿನ ಬಟ್ಟೆ. ಇನ್ಶೂರೆನ್ಸ್ ಕೇಳಿದರೆ, ತಾವಾಗಿ ತಡಮಾಡಿಕೊಂಡದ್ದಕ್ಕೆ ಪಾಲಿಸಿಯಲ್ಲಿ ಜಾಗವಿಲ್ಲ ಎಂಬ ಉತ್ತರ.

ಹಡಗಿನ ಟೂರ್ ತೆಗೆದುಕೊಂಡರೆ ಹಡಗು ಕಾಯುತ್ತದೆ ಎನ್ನುವುದು ಹೆಚ್ಚಿನ ಕಂಪನಿಗಳಲ್ಲಿ ನಿಜ. ಅವರದೇ ಬಸ್ ತಡವಾದರೆ ಕಾಯುತ್ತಾರೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಮ್ಮ ಖರ್ಚಿನಲ್ಲಿ ಮುಟ್ಟಿಸುತ್ತಾರೆ. ಬುಕ್ ಮಾಡುವಾಗ ಷರತ್ತಿನಲ್ಲಿ ಆ ಸಾಲು ಇದೆಯೇ ನೋಡಿಕೊಳ್ಳಿ. ಸ್ವಂತಕ್ಕೆ ಹೋದವರಿಗೆ ಕಾಯದಿರುವುದು ಹಡಗಿನವರ ಹಗೆತನವೇನಲ್ಲ. ಬಂದರಿನಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್, ಅದನ್ನು ಎಳೆಯುವ ಟಗ್ ದೋಣಿ, ಮುಂದಿನ ಬಂದರಿನ ಜಾಗ ಎಲ್ಲಕ್ಕೂ ಹೊತ್ತು ಗೊತ್ತಾಗಿರುತ್ತದೆ. ಒಂದು ಗಂಟೆ ತಡವಾದರೆ ಅದನ್ನು ಸರಿದೂಗಿಸಲು ರಾತ್ರಿಯಿಡೀ ವೇಗ ಹೆಚ್ಚಿಸಿ ಎಣ್ಣೆ ಸುಡಬೇಕು.

ಹಾಗೆಂದು ಎಲ್ಲ ಬಂದರಿನಲ್ಲೂ ಹಡಗಿನ ಟೂರ್‌ಗೆ ದುಡ್ಡು ಸುರಿಯಬೇಡಿ. ಅದರ ಕಷ್ಟಗಳು ಬೇರೆ. ಹಡಗಿನ ಥಿಯೇಟರಿನಲ್ಲಿ ಕೂರಿಸಿ ಅಂಗಿಗೆ ನಂಬರ್ ಸ್ಟಿಕ್ಕರ್ ಅಂಟಿಸುತ್ತಾರೆ, 40 ಜನರ ಬಸ್ಸಿನಲ್ಲಿ ಕೊನೆಯವರು ಶೌಚಾಲಯದಿಂದ ಬರುವ ತನಕ ಎಲ್ಲರೂ ಕಾಯಬೇಕು. ಫುಕೆಟ್‌ನ ಬಸ್ ಟೂರ್‌ಗಳಲ್ಲಿ ರತ್ನದ ಮಳಿಗೆ, ಗೇರುಬೀಜದ ಅಂಗಡಿ ತಪ್ಪುವುದು ಅಪರೂಪ. ಕುಶಾಲನಗರದಿಂದ ಮಡಿಕೇರಿಗೆ ಬರುವ ದಾರಿಯಲ್ಲಿ ಪ್ಯಾಕೇಜ್ ಗಾಡಿಗಳು ಚಾಕೊಲೇಟ್, ಜೇನು, ಮಸಾಲೆ ಅಂಗಡಿಗಳ ಮುಂದೆ ಯಾಕೆ ನಿಲ್ಲುತ್ತವೆ ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಪಿನಾಂಗ್ ಏಕೆ ಸುಲಭ ಎಂದರೆ ಹಡಗು ನಿಲ್ಲುವ ಸ್ವೆಟ್ಟನ್‌ಹ್ಯಾಮ್ ಕಟ್ಟೆ ಜಾರ್ಜ್‌ಟೌನ್ ಪೇಟೆಯ ಅಂಚಿನಲ್ಲೇ ಇದೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೆಯ ಪೇಟೆ, ಕಾಪಿತಾನ್ ಕೆಲಿಂಗ್ ಮಸೀದಿ, ಲಿಟಲ್ ಇಂಡಿಯಾ ಎಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತವೆ. ಬೆಟ್ಟದ ರೈಲು, ಕೆಕ್ ಲೋಕ್ ಸಿ ದೇವಸ್ಥಾನ ಬೇಕಾದರೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಸಿಗುತ್ತದೆ. ಬೆಟ್ಟದ ರೈಲಿಗೆ ರಜಾದಿನಗಳಲ್ಲಿ ಕ್ಯೂ ಉದ್ದವಿರುತ್ತದೆ, ಅದನ್ನು ಬೆಳಿಗ್ಗೆಯೇ ಮುಗಿಸಿ ಮಧ್ಯಾಹ್ನ ಪೇಟೆಯಲ್ಲಿರಿ. ಕೊಚ್ಚಿಯೂ ಹೀಗೆಯೇ. ಹಡಗು ನಿಲ್ಲುವುದು ವಿಲಿಂಗ್ಡನ್ ದ್ವೀಪದಲ್ಲಿ, ಫೋರ್ಟ್ ಕೊಚ್ಚಿ ಮತ್ತು ಮಟ್ಟಂಚೇರಿಗೆ ಟ್ಯಾಕ್ಸಿ ಸಾಕು. 1568ರ ಯಹೂದಿ ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ವಾರ ನೋಡಿ ಹೊರಡಿ. ಆದರೆ ಅದೇ ಕೊಚ್ಚಿಯಿಂದ ಅಲಪ್ಪುಳದ ದೋಣಿಮನೆಗೆ ಹೋಗುವುದಾದರೆ ಒಂದು ದಿಕ್ಕಿಗೆ 50 ಕಿಲೋಮೀಟರ್ ಮೀರುತ್ತದೆ, ಹೆದ್ದಾರಿಯ ಟ್ರಾಫಿಕ್ ಬೇರೆ. ಅದಕ್ಕೆ ಹಡಗಿನ ಟೂರ್ ತೆಗೆದುಕೊಳ್ಳಿ. ಪೋರ್ಟ್ ಕ್ಲಾಂಗ್‌ನಿಂದ ಕೌಲಾಲಂಪುರಕ್ಕೂ ಇದೇ ಮಾತು. ಊರಿನ ಹೆಸರು ಬ್ರೋಷರ್‌ನಲ್ಲಿ ಕೌಲಾಲಂಪುರ ಎಂದಿರುತ್ತದೆ, ಇಳಿಯುವುದು ಮಾತ್ರ ಒಂದು ಗಂಟೆಗೂ ಮಿಕ್ಕಿದ ದೂರದಲ್ಲಿ.

ಟೆಂಡರ್ ಬಂದರು, ಮತ್ತೊಂದು ದೋಣಿ ಹತ್ತಬೇಕಾದ ಟೂರ್, ಒಂದೇ ರಸ್ತೆಯ ಘಾಟಿ: ಈ ಮೂರರಲ್ಲಿ ಎರಡು ಕೂಡಿ ಬಂದರೆ ಸ್ವಂತಕ್ಕೆ ಹೋಗಬೇಡಿ. ಆ ದಿನ ಪಟಾಂಗ್‌ನಲ್ಲಿ ಮೂರೂ ಇದ್ದವು. ಅಲ್ಲಿ ಹಡಗಿನ ಟೂರ್ ದುಬಾರಿ ಎನಿಸಿದರೆ ಪಟಾಂಗ್ ಕಡಲತೀರದಲ್ಲೇ ಸುತ್ತಾಡಿ, ಹಳೆಯ ಫುಕೆಟ್ ಪೇಟೆಗೆ ಬೆಳಿಗ್ಗೆ ಕಾರಿನಲ್ಲಿ ಹೋಗಿ ಮಧ್ಯಾಹ್ನಕ್ಕೆ ಮರಳಿ. ಫಿ ಫಿ ಬೇಡ. ಮಳೆಗಾಲದಲ್ಲಂತೂ ಬೇಡವೇ ಬೇಡ. ಭಾಗಮಂಡಲದಲ್ಲಿ ನೀರು ಏರಿಸುವ ನೈಋತ್ಯ ಮಾರುತವೇ ಫುಕೆಟ್‌ನ ಪಶ್ಚಿಮ ತೀರಕ್ಕೂ ಬಡಿಯುತ್ತದೆ. ಮೇ ತಿಂಗಳಿನಿಂದ ಅಕ್ಟೋಬರ್ ತನಕ ಅಲೆ ಎದ್ದರೆ ಹಡಗು ಬಂದರನ್ನೇ ಬಿಟ್ಟು ಹೋಗಬಹುದು. ಆಗ ಹಡಗಿನ ಟೂರ್‌ನ ಹಣ ತಾನಾಗಿ ನಿಮ್ಮ ಖಾತೆಗೆ ಬರುತ್ತದೆ. ಹೊರಗಿನವರಿಗೆ ಕೊಟ್ಟ ಮುಂಗಡ ‘ಹಡಗು ಬಾರದಿದ್ದರೆ ಪೂರ್ತಿ ವಾಪಸ್’ ಎಂದು ಬರೆಸಿಕೊಂಡಿದ್ದರೆ ಮಾತ್ರ ಬರುತ್ತದೆ. ಫಿ ಫಿಯ ಮಾಯಾ ಬೇ ಎಂಬ ಕೊಲ್ಲಿ ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಚ್ಚಿರುತ್ತದೆ. ಆ ತಿಂಗಳಲ್ಲೂ ಅದರ ಫೋಟೊ ತೋರಿಸಿ ಟೂರ್ ಮಾರುವವರು ಸಿಕ್ಕರೆ ಮಾತು ಮುಂದುವರಿಸಬೇಡಿ.

ಸ್ವಂತಕ್ಕೆ ಹೋಗುವುದಾದರೆ ಲೆಕ್ಕವನ್ನು ಹಿಂದಿನಿಂದ ಹಾಕಿ. ಹಡಗು ಹೊರಡುವ ಹೊತ್ತು ನಿಮ್ಮದಲ್ಲ. ಎಲ್ಲರೂ ಹತ್ತಿರಬೇಕಾದ ಹೊತ್ತು ಅದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲಿರುತ್ತದೆ, ಟೆಂಡರ್ ಬಂದರಿನಲ್ಲಿ ಕೊನೆಯ ದೋಣಿಯ ಹೊತ್ತೇ ಗಡಿ. ಆ ಗಡಿಯಿಂದ ರಸ್ತೆ ಪ್ರಯಾಣವಾದರೆ ಒಂದೂವರೆ ಗಂಟೆ, ದೋಣಿಯೂ ಇದ್ದರೆ ಎರಡೂವರೆ ಗಂಟೆ ಕಳೆಯಿರಿ. ಕಟ್ಟೆಗೆ ಮರಳಿರಬೇಕಾದ ಹೊತ್ತು ಅದು. ಬೆಳಿಗ್ಗೆ ಇಳಿಯಲು ಟೆಂಡರ್ ಬಂದರಿನಲ್ಲಿ ಎರಡು ಗಂಟೆ ಹಿಡಿಯಿರಿ. ಉಳಿದ ಗಂಟೆಗಳಲ್ಲಿ ಟೂರ್ ಹಿಡಿಸದಿದ್ದರೆ ಅದು ನಿಮ್ಮ ಟೂರ್ ಅಲ್ಲ. ಈ ಗುಂಪಿನ ಲೆಕ್ಕ ಹೀಗೆ ಹಾಕಿದ್ದರೆ ಥಾಯ್ ಸಮಯ 1.30ಕ್ಕೇ ಪಟಾಂಗ್‌ನಲ್ಲಿ ಇರಬೇಕಿತ್ತು. ಆ ಹೊತ್ತಿಗೆ ಅವರು ಫಿ ಫಿಯಲ್ಲಿ ಊಟಕ್ಕೆ ಕೂತಿದ್ದರು.

ಟೂರ್ ಮಾರುವವರಿಗೆ ನಿಮ್ಮ ಹಡಗಿನ ಹೆಸರು, ದಿನಾಂಕ ಹೇಳಿ, ಕೊನೆಯ ಟೆಂಡರ್ ಎಷ್ಟು ಹೊತ್ತಿಗೆ ಎಂದು ಅವರನ್ನೇ ಕೇಳಿ. ತಡವರಿಸಿದರೆ ಬಿಡಿ. ಗಾಡಿ ನಿಮ್ಮ ಗುಂಪಿಗೆ ಮಾತ್ರವೋ, ಬೇರೆಯವರೂ ಇರುತ್ತಾರೋ ಎಂಬುದು ಎರಡನೆಯ ಪ್ರಶ್ನೆ. 8 ಜನರಿದ್ದರೆ ಇಡೀ ವ್ಯಾನ್ ಹಿಡಿದರೂ ತಲೆಗೆ ಹೆಚ್ಚೇನೂ ಬೀಳುವುದಿಲ್ಲ. ದೂರದ ಜಾಗ ಮೊದಲು, ಬಂದರಿನ ಹತ್ತಿರದ್ದು ಕೊನೆಗೆ ಎಂದು ಚಾಲಕನಿಗೆ ಹೊರಡುವಾಗಲೇ ಹೇಳಿ. ಅರ್ಧ ಹಣ ಕಟ್ಟೆಗೆ ಮರಳಿ ಬಿಟ್ಟ ಮೇಲೆ ಕೊಡಿ.

ಇಳಿಯುವ ಮೊದಲು ಫೋನಿನ ತಾನಾಗಿ ಸಮಯ ಬದಲಿಸುವ ಸೆಟ್ಟಿಂಗ್ ಆಫ್ ಮಾಡಿ. ಇನ್ನೂ ಒಳ್ಳೆಯದು, ಮುಳ್ಳಿನ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟು ಗುಂಪಿನ ಹಿರಿಯರ ಕೈಗೆ ಕಟ್ಟಿ. ದಿನಪತ್ರಿಕೆಯಲ್ಲಿರುವ ಬಂದರು ಏಜೆಂಟ್ ನಂಬರಿನ ಫೋಟೊ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಕ್ರೂಸ್ ಕಾರ್ಡ್, ಎರಡು ದಿನದ ಮಾತ್ರೆ ಚೀಲದಲ್ಲಿರಲಿ. ತಡವಾಗುವ ಸೂಚನೆ ಕಂಡ ಕೂಡಲೇ ಏಜೆಂಟ್‌ಗೆ ಫೋನ್ ಮಾಡಿ, ಹಡಗು ಹೋದ ಮೇಲಲ್ಲ. ಸಮುದ್ರದ ನಡುವೆ ಫೋನ್ ಫ್ಲೈಟ್ ಮೋಡ್‌ನಲ್ಲೇ ಇರಲಿ. ಹಡಗಿನ ಸ್ವಂತ ಮೊಬೈಲ್ ಜಾಲಕ್ಕೆ ಅದು ಅಂಟಿಕೊಂಡರೆ ಬರುವ ಬಿಲ್ಲು ಟೂರ್‌ಗಿಂತ ದುಬಾರಿ.

ಕೊನೆಗೆ ನಮ್ಮ ಕಡೆಯ ಹೋಂಸ್ಟೇ ಮತ್ತು ಟ್ಯಾಕ್ಸಿಯವರಿಗೆ ಒಂದು ಮಾತು. ಮಂಗಳೂರಿನ ಪಣಂಬೂರಿನಲ್ಲಿ ಇಳಿದವರು ಒಂದು ದಿನಕ್ಕೆ ಮಡಿಕೇರಿ ತೋರಿಸುತ್ತೀರಾ ಎಂದು ಕೇಳಿದರೆ ಒಪ್ಪಬೇಡಿ. ಸುಮಾರು 140 ಕಿಲೋಮೀಟರ್, ಸಂಪಾಜೆ ಘಾಟಿ ಸೇರಿ ಹೋಗಲು ಮೂರೂವರೆ ನಾಲ್ಕು ಗಂಟೆ, ಬರಲು ಅಷ್ಟೇ. ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗಿನವರಿಗೆ ರಾಜಾಸೀಟಿನಲ್ಲಿ ಒಂದು ಕಾಫಿ ಕುಡಿಯಲೂ ಹೊತ್ತು ಉಳಿಯುವುದಿಲ್ಲ, ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಡಗೂ ಇಲ್ಲ. ಅವರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ 42 ಅಡಿಯ ಗೊಮ್ಮಟನನ್ನು ಹೇಳಿ, ಮಂಗಳೂರಿನ ಚಾಲಕರ ನಂಬರ್ ಕೊಟ್ಟುಬಿಡಿ.