ಮಳೆಗಾಲಕ್ಕೆ ಚಿಲ್ಲರ್ ನಿಲ್ಲಿಸುವವರೇ, ನೀರನ್ನು ಅರೆಬರೆ ಬಸಿಯಬೇಡಿ

ಮಡಿಕೇರಿಯ ಹೊರವಲಯದಲ್ಲಿ ಹಣ್ಣಿನ ರಸ, ಜಾಮ್ ತಯಾರಿಸುವ ಸಣ್ಣ ಘಟಕವೊಂದರ ಯಂತ್ರಗಳ ಹೊಣೆ ನನ್ನದು. ಎಂಟು ತಿಂಗಳು ಸುಮ್ಮನೆ ನಿಂತಿದ್ದ ಚಿಲ್ಲರ್, ಅಂದರೆ ಘಟಕಕ್ಕೆ ತಣ್ಣೀರು ಒದಗಿಸುವ ಯಂತ್ರ, ನಮಗೆ ನಾಲ್ಕು ಲಕ್ಷ ರೂಪಾಯಿಗೂ ಹೆಚ್ಚು ಖರ್ಚು ತಂದಿಟ್ಟಿತು. ಅದು ಓಡಿ ಸವೆದದ್ದಲ್ಲ, ನಿಂತು ಸವೆದದ್ದು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯಿತು. ಚಿಲ್ಲರಿನ ಬಿಸಿಯನ್ನು ಹೊರಗೆ ಬಿಡುವ ಕೂಲಿಂಗ್ ಟವರಿನ ತೊಟ್ಟಿ, ಪೈಪು, ತಂಪು ಮಾಡುವ ಅನಿಲದ ಬಿಸಿಯನ್ನು ನೀರಿಗೆ ದಾಟಿಸುವ ಕಂಡೆನ್ಸರ್ ಎಲ್ಲದರಲ್ಲೂ ನೀರು ಹಾಗೆಯೇ ಉಳಿಯಿತು. ಎರಡು ತಿಂಗಳ ಬಳಿಕ ಹೋಗಿ ನೋಡಿದರೆ ತೊಟ್ಟಿಯ ತಳದಲ್ಲಿ ಕಪ್ಪು ಲೋಳೆ, ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದ ಕೆಸರಿನಡಿ ಬೆಳೆದು ಸಲ್ಫೈಡ್ ಉಗುಳುವ ಬ್ಯಾಕ್ಟೀರಿಯಾದ ಗುರುತು ಅದು. ಕೆಸರು ಕೂತಲ್ಲೆಲ್ಲ ಅದು ಲೋಹವನ್ನು ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತದೆ. ಆಗ ನನಗೆ ಇದು ಗೊತ್ತಿರಲಿಲ್ಲ. ಗುತ್ತಿಗೆದಾರರಿಗೆ ಫೋನ್ ಮಾಡಿದೆ. ‘ನೀರು ಬಸಿದುಬಿಡಿ ಸಾರ್, ಅಷ್ಟು ಸಾಕು’ ಎಂದರು. ಡ್ರೈನ್ ವಾಲ್ವ್ ತಿರುಗಿಸಿದೆ, ಧಾರೆ ನಿಂತಿತು, ಬೀಗ ಹಾಕಿಕೊಂಡು ಬಂದೆ.

ಧಾರೆ ನಿಂತ ಮಾತ್ರಕ್ಕೆ ಒಳಗೆ ಒಣಗಿತೆಂದಲ್ಲ. ಕಂಡೆನ್ಸರಿನ ತಾಮ್ರದ ಟ್ಯೂಬುಗಳು ಅಡ್ಡ ಮಲಗಿರುತ್ತವೆ. ತಗ್ಗಿನಲ್ಲಿ ನೀರು, ಅದರಡಿ ಕೆಸರು ಉಳಿದೇ ಉಳಿಯುತ್ತದೆ. ಟ್ಯೂಬುಗಳ ತುದಿಗಳನ್ನು ಮುಚ್ಚುವ ಉಕ್ಕಿನ ಎಂಡ್ ಕವರಿಗೆ ತುಂಬಿದ ನೀರಿಗಿಂತ ತೆಳುವಾದ ಪಸೆಯೇ ಹೆಚ್ಚು ಕೆಟ್ಟದ್ದು, ಏಕೆಂದರೆ ಆಮ್ಲಜನಕ ಅದರ ಮೂಲಕ ಬೇಗ ಲೋಹವನ್ನು ಮುಟ್ಟುತ್ತದೆ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ತುಕ್ಕು ಚುರುಕಾಗುತ್ತದೆ. ಇನ್ನು ಜುಲೈ-ಆಗಸ್ಟಿನ ಜಡಿಮಳೆಯ ನಮ್ಮ ಕಕ್ಕಡದ ತಿಂಗಳಲ್ಲಿ ಕೇಳಬೇಕೆ? ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ಇದು. ಅಜ್ಜನ ಕಾಲದಿಂದ ಮಳೆಗೆ ಮುಂಚೆ ಕೋವಿಯ ನಳಿಗೆ ಒರೆಸಿ ಎಣ್ಣೆ ಸವರುವ ರೂಢಿ ನಮ್ಮ ಮನೆಯಲ್ಲಿದೆ. ಆ ವರ್ಷವೂ ಸವರಿದೆ. ಚಿಲ್ಲರ್ ಮಾತ್ರ ನೆನಪಾಗಲಿಲ್ಲ.

ನವೆಂಬರಿನಲ್ಲಿ ಬಾಗಿಲು ತೆರೆದಾಗ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಗೇಜಿನಲ್ಲಿ ಅನಿಲದ ಒತ್ತಡ ಸೊನ್ನೆ ತೋರಿಸುತ್ತಿತ್ತು. ನಿಂತ ಯಂತ್ರದಲ್ಲೂ ನಾಲ್ಕೈದು ಬಾರ್ ಇರಬೇಕಿತ್ತು. ಅದನ್ನು ನೋಡದೆ ನೀರಿನ ಪಂಪ್ ಚಾಲೂ ಮಾಡಿಸಿದೆ. ತೂತಾದ ಟ್ಯೂಬುಗಳ ಮೂಲಕ ಅನಿಲ ಎಂದೋ ಸೋರಿಹೋಗಿತ್ತು. ಈಗ ಅದೇ ತೂತುಗಳಿಂದ ನೀರು ಅನಿಲದ ಕಡೆಗೆ ನುಗ್ಗಿತು. ಅನಿಲವನ್ನು ಒತ್ತುವ ಕಂಪ್ರೆಸರಿನ ಗಾಜಿನಲ್ಲಿ ಎಣ್ಣೆ ನೀರು ಬೆರೆತು, ಹಾಲು ಹೆಚ್ಚಾದ ಕಾಫಿಯಂತೆ ಕಂಡಿತು. ಟ್ಯೂಬುಗಳ ಜೊತೆ ಕಂಪ್ರೆಸರನ್ನೂ ಬಿಚ್ಚಬೇಕಾಯಿತು. ತುಕ್ಕು ಹಠಾತ್ ಅವಘಡವಲ್ಲ ಎಂದು ವಿಮೆಯವರು ಕೈ ಚೆಲ್ಲಿದರು. ಪಾಲಿಸಿಯಲ್ಲಿ ಹಾಗೆಯೇ ಬರೆದಿತ್ತು, ಓದದಿದ್ದವನು ನಾನು.

ಈಗ ನಿಲ್ಲಿಸುವ ಮೊದಲೇ ಒಂದು ದಾರಿ ಆರಿಸಿಕೊಳ್ಳುತ್ತೇವೆ: ಪೂರ್ತಿ ಒಣಗಿಸುವುದು ಅಥವಾ ಪೂರ್ತಿ ತುಂಬುವುದು. ಕಂಡೆನ್ಸರ್ ಒಣಗಿಸುತ್ತೇವೆ. ಎರಡೂ ಎಂಡ್ ಕವರ್ ಬಿಚ್ಚಿ, ಪ್ರತಿ ಟ್ಯೂಬಿಗೂ ಬ್ರಷ್ ಹಾಕಿ, ಬಿಸಿಗಾಳಿ ಊದಿ, ಸಿಲಿಕಾ ಜೆಲ್ ಚೀಲಗಳನ್ನಿಟ್ಟು ಗಾಳಿ ಹೋಗದಂತೆ ಮುಚ್ಚುತ್ತೇವೆ. ಸರಿಯಾಗಿ ಮುಚ್ಚದಿದ್ದರೆ ನಮ್ಮ ಮಳೆಯಲ್ಲಿ ಜೆಲ್ ಬೇಗನೆ ತೇವ ಕುಡಿದು ಸೋಲುತ್ತದೆ. ತೇವ ಹೀರಿದಂತೆ ಬದಲಾಗುವ ಅದರ ಬಣ್ಣವನ್ನು ತಿಂಗಳಿಗೊಮ್ಮೆ ನೋಡಲೇಬೇಕು. ಎಷ್ಟು ಚೀಲ ಇಟ್ಟಿದ್ದೇವೆಂದು ಕವರಿನ ಮೇಲೆ ಬರೆದು ಕಟ್ಟಿ. ತೆಗೆಯಲು ಮರೆತ ಚೀಲ ಹರಿದು, ಕಸ ತಡೆಯುವ ಜಾಲರಿಯಾದ ಸ್ಟ್ರೇನರಿಗೆ ಸಿಕ್ಕಿದ್ದೂ ಉಂಟು.

ತಣ್ಣೀರಿನ ಮುಚ್ಚಿದ ಪೈಪುಗಳಿಗೆ ಎರಡನೆಯ ದಾರಿ ಸುಲಭ. ಗಾಳಿಗುಳ್ಳೆ ಉಳಿಯದಂತೆ ತುಂಬಿ, ತುಕ್ಕು ತಡೆಯುವ ರಾಸಾಯನಿಕ ಮತ್ತು ಬ್ಯಾಕ್ಟೀರಿಯಾನಾಶಕ ಬೆರೆಸಿ, ವಾರಕ್ಕೊಮ್ಮೆ ಪಂಪ್ ಓಡಿಸುತ್ತೇವೆ. ಬ್ಲೀಚಿಂಗ್ ಪೌಡರ್ ಸುರಿದರೆ ಸಾಕೆನ್ನುವವರ ಮಾತು ಕೇಳಬೇಡಿ. ಅಳತೆ ಮೀರಿದ ಕ್ಲೋರಿನ್ ತಾನೇ ಲೋಹ ತಿನ್ನುತ್ತದೆ. ಒಣಗಿಸಿಟ್ಟ ಪಂಪುಗಳ ಶಾಫ್ಟನ್ನು ಆಗಾಗ ಕೈಯಿಂದ ತಿರುಗಿಸಿ. ಮತ್ತೆ ಶುರು ಮಾಡುವ ಮೊದಲು ಮೋಟಾರಿಗೆ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಿಡಿಸಿ.

ನಿಂತ ಟವರಿನ ಲೋಳೆಯಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದಿರುವ ನೀರಿನ ತುಂತುರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರಬಹುದು. ಫ್ಯಾನ್ ಹಾಕುವ ಮೊದಲೇ ತೊಟ್ಟಿ ತೊಳೆದು ಸೋಂಕು ನಿವಾರಿಸಿ. ತೊಳೆಯುವ ಹುಡುಗರಿಗೆ ಬಟ್ಟೆಯ ಮುಖಗವಸು ಸಾಲದು, ಎನ್-95 ಕೊಡಿ.